ಮನೆ-ತೋಟಕ್ಕೊಂದು ಸ್ವಂತ ವಿಕಿ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ, ತೋಟದಲ್ಲಿ ಗೊತ್ತಿರುವ ವಿಷಯಗಳನ್ನು ಸ್ವಂತ ವಿಕಿಯಲ್ಲಿ ಬರೆದಿಡುವ ಬಗ್ಗೆ ಸೋಮವಾರಪೇಟೆ, ಮಡಿಕೇರಿ, ಪೊನ್ನಂಪೇಟೆ ಕಡೆಯ ನೆಂಟರು, ಪರಿಚಯದವರು ಕೇಳುತ್ತಲೇ ಇರುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳು ಇಲ್ಲಿವೆ. ನಾನು ಕಂಪ್ಯೂಟರ್ ಓದಿದವನಲ್ಲ, ಸಣ್ಣ ಕಾಫಿ ತೋಟ ನೋಡಿಕೊಂಡಿದ್ದೇನೆ. ಹಾಗಾಗಿ ಉದಾಹರಣೆಗಳೆಲ್ಲ ತೋಟದವೇ, ಇಲ್ಲವೇ ಅಡುಗೆಮನೆಯವು.

ಸ್ವಂತ ವಿಕಿ ಅಂದರೆ ವಿಕಿಪೀಡಿಯಾಕ್ಕೆ ಬರೆಯೋದಾ?

ಅಲ್ಲ. ವಿಕಿಪೀಡಿಯಾ ಎಲ್ಲರಿಗೂ ಗೊತ್ತಿರುವ ಒಂದು ವಿಕಿ, ಅಷ್ಟೇ. ವಿಕಿ ಅನ್ನುವ ಪದ್ಧತಿ ಅದಕ್ಕಿಂತ ಹಳೆಯದು. 1995ರ ಮಾರ್ಚ್‌ನಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ಇಂಟರ್ನೆಟ್ಟಿಗೆ ಹಾಕಿದರು. ಪ್ರೋಗ್ರಾಮ್ ಬರೆಯುವವರು ಕೆಲಸದಲ್ಲಿ ಕಂಡುಕೊಂಡದ್ದನ್ನು ಒಂದೇ ಕಡೆ ಬರೆದಿಡಲಿ, ಯಾರು ಬೇಕಾದರೂ ತಿದ್ದಲಿ ಅಂತ. ವಿಕಿಪೀಡಿಯಾ ಬಂದದ್ದು 2001ರಲ್ಲಿ, ಕನ್ನಡದ್ದು 2003ರಲ್ಲಿ.

ಸ್ವಂತ ವಿಕಿಗೆ ಬೇಕಾದ ಗುಣ ಎರಡೇ. ಯಾವ ಪುಟವನ್ನೂ ಯಾವಾಗ ಬೇಕಾದರೂ ತಿದ್ದಬಹುದು. ಮತ್ತೆ, ಒಂದು ಹೆಸರನ್ನು ಜೋಡಿ ಬ್ರಾಕೆಟ್ಟಿನಲ್ಲಿ [[ಕೆರೆ ಮೋಟರ್]] ಅಂತ ಬರೆದರೆ ಅದು ಆ ಪುಟಕ್ಕೆ ಲಿಂಕ್ ಆಗುತ್ತದೆ. ಆ ಪುಟ ಇನ್ನೂ ಇಲ್ಲದಿದ್ದರೂ ಪರವಾಗಿಲ್ಲ. ಒತ್ತಿದರೆ ಖಾಲಿ ಪುಟ ತೆರೆಯುತ್ತದೆ, ಅಲ್ಲಿಂದ ಬರೆಯಬಹುದು.

ನಮ್ಮಪ್ಪ ವರ್ಷಗಟ್ಟಲೆ ಡೈರಿ ಬರೆದಿದ್ದಾರೆ. ಅದು ಸಾಲದಾ?

ಡೈರಿ ತುಂಬಾ ಒಳ್ಳೆಯದು, ನಿಲ್ಲಿಸಬೇಡಿ. ಆದರೆ ಡೈರಿ ತಾರೀಕಿನ ಪ್ರಕಾರ ಇರುತ್ತದೆ. ನಮಗೆ ಬೇಕಾಗುವುದು ವಿಷಯದ ಪ್ರಕಾರ. ಕೆರೆ ಮೋಟರಿನ ಫುಟ್‌ವಾಲ್ವ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು, ಯಾವ ಸೈಜು ಅಂತ ಕೇಳಿದರೆ ಡೈರಿ ಉತ್ತರ ಕೊಡುತ್ತದೆ, ಆದರೆ ನೀವು ನಾಲ್ಕಾರು ವರ್ಷದ ಪುಸ್ತಕ ತಿರುವಿ ಹಾಕಬೇಕು. ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೆ ಅಷ್ಟು ಪುರಸೊತ್ತು ಯಾರಿಗಿದೆ?

ವಿಕಿಯಲ್ಲಿ ಮೋಟರಿಗೇ ಒಂದು ಪುಟ. ಅದಕ್ಕೆ ಸಂಬಂಧಪಟ್ಟದ್ದೆಲ್ಲ ಅಲ್ಲೇ ಸೇರುತ್ತಾ ಹೋಗುತ್ತದೆ.

ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಹಾಕಿದ್ದೇವಲ್ಲ?

ಹಾಕಿದ್ದೀರಿ. ಹೋದ ಕೈಲ್‌ಪೊಳ್ದ್ ಹಬ್ಬಕ್ಕೆ ಅತ್ತೆ ಕಳಿಸಿದ ಕಡಂಬುಟ್ಟಿನ (ಅಕ್ಕಿತರಿಯ ಕಡುಬು) ಅಳತೆಯನ್ನು ಈಗ ಹುಡುಕಿ ನೋಡಿ. ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಎಲ್ಲೋ ಇರುತ್ತದೆ. ಗ್ರೂಪು ಸಂತೆಯ ಮಾತಿದ್ದ ಹಾಗೆ, ಆಡುವಾಗ ಚೆಂದ, ಆಮೇಲೆ ಕೈಗೆ ಸಿಗುವುದಿಲ್ಲ. ಒಳ್ಳೆಯ ಮೆಸೇಜ್ ಬಂದರೆ ಕಾಪಿ ಮಾಡಿ ವಿಕಿಗೆ ಹಾಕಿ, ಯಾರು ಕಳಿಸಿದ್ದು ಅಂತ ಹೆಸರು ಸೇರಿಸಿ. ಎಷ್ಟೋ ಮನೆಯ ವಿಕಿ ಹೀಗೇ ತುಂಬುವುದು.

ಈಗ ಎಐ ಇದೆ. ಕೇಳಿದರೆ ಹೇಳುತ್ತದೆ. ಬರೆದಿಡೋದು ಯಾಕೆ?

ಕಾಫಿಗೆ ಬಿಳಿ ಕಾಂಡಕೊರಕ ಬಿದ್ದರೆ ಏನು ಮಾಡಬೇಕು ಅಂತ ಹೇಳಬಹುದು. ನಿಮ್ಮ ತೋಟದ ಯಾವ ಮೂಲೆಯಲ್ಲಿ ಅದು ಪ್ರತಿ ವರ್ಷ ಜಾಸ್ತಿ, ಅಲ್ಲಿ ಯಾವ ಮರ ತೆಗೆದ ಮೇಲೆ ಬಿಸಿಲು ಹೆಚ್ಚಾಯಿತು ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು?

ಮೊದಲು ಯಾವ ಪುಟ ಬರೆಯಲಿ?

ಎರಡನೇ ಸಲ ಯಾರನ್ನಾದರೂ ಕೇಳಬೇಕಾಗಿ ಬಂದ ವಿಷಯ. ಇದೊಂದೇ ನನ್ನ ನಿಯಮ.

‘ನಮ್ಮ ಕುಟುಂಬದ ಇತಿಹಾಸ’ ಅಂತ ಶುರು ಮಾಡುವವರು ಬಹಳ. ಮೂರು ಪ್ಯಾರಾ ಆದ ಮೇಲೆ ನಿಂತುಹೋಗುತ್ತದೆ. ಅದು ದೊಡ್ಡ ವಿಷಯ, ಯಾವತ್ತೂ ಪೂರ್ತಿ ಆಗುವುದಿಲ್ಲ. ಗ್ಯಾಸ್ ಬುಕ್ ಮಾಡುವ ನಂಬರ್, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ರಿಪೇರಿಯವರು ಯಾರು, ಮದ್ದುಸೊಪ್ಪಿನ ಪಾಯಸಕ್ಕೆ ಎಷ್ಟು ಅಕ್ಕಿ – ಇಂಥವುಗಳಿಂದ ಶುರು ಮಾಡಿ. ನಾಳೆಯೇ ಉಪಯೋಗಕ್ಕೆ ಬರುತ್ತದೆ. ಉಪಯೋಗಕ್ಕೆ ಬಂದರೆ ಮನೆಯ ಉಳಿದವರೂ ನೋಡುತ್ತಾರೆ. ಐನ್‌ಮನೆಯ (ಕುಟುಂಬದ ಮೂಲ ಮನೆ) ಕಥೆ ಆಮೇಲೆ ತಾನಾಗಿ ಬರುತ್ತದೆ, ತುಂಡು ತುಂಡಾಗಿ.

ಒಂದು ಪುಟ ಹೇಗಿರಬೇಕು? ಉದಾಹರಣೆ ಕೊಡಿ.

ಮೊಬೈಲಿನಲ್ಲಿ ಒಂದೆರಡು ಸಲ ಬೆರಳು ಸರಿಸಿದರೆ ಮುಗಿಯಬೇಕು. ತೋಟಕ್ಕೆ ಹೊಡೆಯುವ ಶಿಲೀಂಧ್ರ ರೋಗದ ಮದ್ದಿನ ಬಗ್ಗೆ ನನ್ನ ವಿಕಿಯಲ್ಲಿರುವ ಒಂದು ಪುಟ ಹೀಗಿದೆ:

*ಬೋರ್ಡೋ ದ್ರಾವಣ, ಶೇ 1*
*ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್.*
*ಮೈಲುತುತ್ತ 50 ಲೀಟರಿನಲ್ಲಿ ಬೇರೆ, ಸುಣ್ಣ 50 ಲೀಟರಿನಲ್ಲಿ ಬೇರೆ. ಪ್ಲಾಸ್ಟಿಕ್ ಡ್ರಮ್ ಮಾತ್ರ, ಕಬ್ಬಿಣ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯಬೇಕು, ಕಲಕುತ್ತಾ ಇರಬೇಕು.*
*ಪರೀಕ್ಷೆ: ಉಜ್ಜಿದ ಕತ್ತಿ ಅದ್ದಿ ನೋಡುವುದು. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು.*
*ಅದೇ ದಿನ ಹೊಡೆದು ಮುಗಿಸಬೇಕು. ಇಟ್ಟು ನಾಳೆ ಹೊಡೆಯುವಂತಿಲ್ಲ.*
*ನಮ್ಮಲ್ಲಿ: ಸುಣ್ಣ ಹಳೆಯದಾಗಿದ್ದರೆ ಒಂದು ಕೆ.ಜಿ. ಸಾಲುವುದಿಲ್ಲ.*
*ನೋಡಿ: [[ಮೆಣಸಿನ ಸೊರಗು ರೋಗ]], [[ಸ್ಪ್ರೇಯರ್]], [[ಕೆಳತೋಟ]]*
*ಹೇಳಿದವರು: ಚಿಕ್ಕಪ್ಪ. ಅಳತೆ ನೋಡಿದ್ದು: ಕಾಫಿ ಬೋರ್ಡಿನವರ ಕೈಪಿಡಿ.*

‘ನಮ್ಮಲ್ಲಿ’ ಅನ್ನುವ ಸಾಲು ನೋಡಿ. ಉಳಿದದ್ದೆಲ್ಲ ಬೇರೆ ಕಡೆಯೂ ಸಿಗುತ್ತದೆ. ಆ ಒಂದು ಸಾಲು ಸಿಗುವುದಿಲ್ಲ. ಪ್ರತಿ ಪುಟದಲ್ಲೂ ಅಂಥ ಒಂದು ಸಾಲು ಇದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಪುಟ ಬೇಕಾ ಅಂತ ಇನ್ನೊಮ್ಮೆ ಯೋಚಿಸಿ. ಇಂಟರ್ನೆಟ್ಟಿನಲ್ಲಿ ಇರುವುದನ್ನೇ ಕಾಪಿ ಮಾಡಿ ಗುಡ್ಡೆ ಹಾಕುವುದರಲ್ಲಿ ಏನೂ ಸುಖವಿಲ್ಲ.

ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಇದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಇದು ಐದನೆಯದೋ ಆರನೆಯದೋ ಪ್ರಶ್ನೆ ಆಗಬೇಕಿತ್ತು. ಇರಲಿ.

ಒಬ್ಬರೇ ಬರೆಯುವುದಾದರೆ ಅಬ್ಸಿಡಿಯನ್ ಸಾಕು. ದುಡ್ಡು ಕೊಡಬೇಕಿಲ್ಲ. ಪುಟಗಳು ನಿಮ್ಮ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಸಾಮಾನ್ಯ ಟೆಕ್ಸ್ಟ್ ಫೈಲ್ ಆಗಿ ಇರುತ್ತವೆ. ನಾಳೆ ಆ ಕಂಪನಿ ಮುಚ್ಚಿದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಹಲವು ಮೊಬೈಲಿಗೆ ಹೊಂದಿಸಿಕೊಡುವ ಅವರದೇ ಸೇವೆಗೆ ಮಾತ್ರ ದುಡ್ಡು. ಅದಿಲ್ಲದೆಯೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಮನೆಯವರೆಲ್ಲ ಸೇರಿ ಬರೆಯುವುದಾದರೆ ಡೋಕುವಿಕಿ ನೋಡಿ. 2004ರಿಂದ ಇದೆ. ಡೇಟಾಬೇಸ್ ಬೇಡ, ಇದೂ ಟೆಕ್ಸ್ಟ್ ಫೈಲುಗಳಲ್ಲೇ ಇಡುತ್ತದೆ. ಯಾರು ಯಾವ ಪುಟ ನೋಡಬಹುದು, ಯಾರು ತಿದ್ದಬಹುದು ಅಂತ ಬೇರೆ ಬೇರೆ ಮಾಡಬಹುದು. ಹಳೆಯ ರೂಪಗಳೂ ಉಳಿಯುತ್ತವೆ. ಮಗ ಏನೋ ಅಳಿಸಿಬಿಟ್ಟರೆ ವಾಪಸ್ ತರಬಹುದು. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಅದೇ ಪುಟಕ್ಕೆ ಕೈ ಹಾಕದಂತೆ ಸ್ವಲ್ಪ ಹೊತ್ತು ಬೀಗ ಬೀಳುತ್ತದೆ. ತೊಂದರೆ ಏನೆಂದರೆ ಇದಕ್ಕೊಂದು ಸರ್ವರ್ ಬೇಕು. ಬಾಡಿಗೆ ಜಾಗವಾದರೂ ಸರಿ, ಮನೆಯಲ್ಲೇ ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರ್ ಆದರೂ ಸರಿ. ಹಾಕಿಕೊಡಲು ಗೊತ್ತಿರುವ ಹುಡುಗರು ಯಾರಾದರೂ ಹತ್ತಿರದಲ್ಲಿ ಇರಬೇಕು.

ಟಿಡ್ಲಿವಿಕಿ ಅಂತ ಇನ್ನೊಂದಿದೆ. ಇಡೀ ವಿಕಿ ಒಂದೇ ಫೈಲು, ಬ್ರೌಸರಿನಲ್ಲಿ ತೆರೆಯುತ್ತದೆ. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಓಡಾಡಬಹುದು. ಆದರೆ ತಿದ್ದಿದ್ದನ್ನು ಸೇವ್ ಮಾಡುವ ಕ್ರಮ ಹೊಸಬರಿಗೆ ಸ್ವಲ್ಪ ಗೊಂದಲ.

ಮೀಡಿಯಾವಿಕಿ, ಅಂದರೆ ವಿಕಿಪೀಡಿಯಾ ನಡೆಯುವ ಸಾಫ್ಟ್‌ವೇರ್, ಒಂದು ಮನೆಗೆ ಅತಿಯಾಯಿತು. ಅದನ್ನು ನೋಡಿಕೊಳ್ಳುವುದೇ ಒಂದು ಕೆಲಸ.

ಕಾಗದದಲ್ಲೇ ಮಾಡಬಾರದಾ?

ಖಂಡಿತ ಮಾಡಬಹುದು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳಲ್ಲಿ ಟಿಪ್ಪಣಿ ಬರೆದು, ಪ್ರತಿಯೊಂದಕ್ಕೂ ನಂಬರ್ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಿದ್ದರು. ಲಿಂಕ್ ಅಂದರೆ ಅದೇ. ಆದರೆ ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಮೈಸೂರಿನಲ್ಲಿರುವ ಮಗಳಿಗೆ ಚೀಟಿ ಕಳಿಸಲೂ ಆಗುವುದಿಲ್ಲ.

ಕನ್ನಡದಲ್ಲಿ ಬರೆದರೆ ಏನಾದರೂ ತೊಂದರೆ ಇದೆಯಾ?

ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಬರೆದರೆ ಇಲ್ಲ. ಮೊಬೈಲಿನ ಕನ್ನಡ ಕೀಬೋರ್ಡುಗಳೆಲ್ಲ ಯೂನಿಕೋಡೇ. ಮಾತಾಡಿ ಬರೆಸುವ ಸೌಲಭ್ಯವೂ ಈಗ ಸುಮಾರಾಗಿ ಚೆನ್ನಾಗಿದೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳ ಕಥೆ ಬೇರೆ. ಅವನ್ನು ಸುಮ್ನೆ ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಆದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಕಡೆ ಎಡವಟ್ಟು ಆಗಿರುತ್ತದೆ.

ಡೋಕುವಿಕಿ ಹಾಕುವವರಿಗೆ ಒಂದು ಕಿವಿಮಾತು. ಅದು ಪುಟದ ಹೆಸರನ್ನೇ ಫೈಲಿನ ಹೆಸರು ಮಾಡುತ್ತದೆ, ಮತ್ತು ಮಾಮೂಲಿ ಸೆಟ್ಟಿಂಗಿನಲ್ಲಿ ಒಂದೊಂದು ಕನ್ನಡ ಚಿಹ್ನೆಗೆ ಒಂಬತ್ತು ಅಕ್ಷರದ ಜಾಗ ತಿನ್ನುತ್ತದೆ. ಫೈಲಿನ ಹೆಸರಿಗೆ ಇರುವ ಮಿತಿ 255. ಅಂದರೆ ಸುಮಾರು 28 ಚಿಹ್ನೆ ದಾಟಿದರೆ ಪುಟ ಸೇವ್ ಆಗದೆ ಹೋಗಬಹುದು. ‘ಕ್ಷ’ ಒಂದೇ ಅಕ್ಷರ ಅಂತ ಕಂಡರೂ ಒಳಗೆ ಮೂರು ಚಿಹ್ನೆ. ಹಾಗಾಗಿ ಮೊದಲ ದಿನವೇ ಫೈಲ್ ಹೆಸರಿನ ಸೆಟ್ಟಿಂಗನ್ನು ಯುಟಿಎಫ್-8ಕ್ಕೆ ಬದಲಾಯಿಸಿ. ಪುಟಗಳು ತುಂಬಿದ ಮೇಲೆ ಬದಲಾಯಿಸುವುದು ತಲೆನೋವು.

ಬರೆದಿದ್ದೇನೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಯಾಕೆ?

ಹೆಚ್ಚಾಗಿ ಕಾಗುಣಿತದ ಕಾರಣ. ನೀವು ‘ಕಾಳುಮೆಣಸು’ ಅಂತ ಬರೆದಿರುತ್ತೀರಿ, ಹೆಂಡತಿ ‘ಕರಿಮೆಣಸು’ ಅಂತ ಹುಡುಕುತ್ತಾರೆ, ಸುಳ್ಯದ ಭಾವ ‘ಒಳ್ಳೆಮೆಣಸು’ ಅನ್ನುತ್ತಾರೆ. ಹುತ್ತರಿ-ಪುತ್ತರಿ, ಮದ್ದುಸೊಪ್ಪು-ಆಟಿಸೊಪ್ಪು, ಹೀಗೆ ಎಷ್ಟೋ ಇವೆ. ನಮ್ಮ ಜಿಲ್ಲೆಯಲ್ಲಿ ಒಂದೇ ವಸ್ತುವಿಗೆ ಮನೆಗೊಂದು ಹೆಸರು. ಪುಟದ ಮೇಲ್ಗಡೆ ‘ಬೇರೆ ಹೆಸರು’ ಅಂತ ಒಂದು ಸಾಲು ಇಟ್ಟು ಎಲ್ಲವನ್ನೂ ಬರೆದುಬಿಡಿ. ಹುಡುಕಾಟಕ್ಕೆ ಅಷ್ಟು ಸಾಕು. ಅಬ್ಸಿಡಿಯನ್ನಿನಲ್ಲಿ ಇದಕ್ಕೆಂದೇ ಅಲಿಯಾಸ್ ಅನ್ನುವ ಜಾಗವಿದೆ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ‘ಔಟ್‌ಟರ್ನ್’ (ಚೆರಿಯಿಂದ ಸಿಗುವ ಕಾಫಿ ಬೀಜದ ಪ್ರಮಾಣ) ಅಂತ ಬರೆಯುವಾಗ ಟಕಾರಗಳು ಒತ್ತಾಗಿ ಅಂಟದಂತೆ ನಡುವೆ ಅದೃಶ್ಯ ಚಿಹ್ನೆಯೊಂದು ಬೀಳುತ್ತದೆ. ಕೆಲವು ಕೀಬೋರ್ಡ್ ಹಾಕುತ್ತದೆ, ಕೆಲವು ಹಾಕುವುದಿಲ್ಲ. ಕಂಪ್ಯೂಟರಿಗೆ ಅವೆರಡೂ ಬೇರೆ ಪದ. ಇಂಥ ಪದ ಸಿಗದಿದ್ದರೆ ಮೊದಲ ಅರ್ಧ ಮಾತ್ರ ಹಾಕಿ ಹುಡುಕಿ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗೇನು ಮಾಡೋದು?

ಅದಕ್ಕೇ ಪುಟಗಳು ನಿಮ್ಮ ಕೈಯಲ್ಲಿರುವ ಸಾಧನದಲ್ಲೇ ಇರಬೇಕು ಅಂತ ಹೇಳುವುದು. ಮರ ಬಿದ್ದು ಲೈನ್ ಹೋದರೆ ಶಾಂತಳ್ಳಿ, ಭಾಗಮಂಡಲ ಕಡೆ ಎಷ್ಟು ದಿನಕ್ಕೆ ಬರುತ್ತದೋ ಹೇಳಲಾಗದು. ಇಂಟರ್ನೆಟ್ ಇದ್ದರೆ ಮಾತ್ರ ತೆರೆಯುವ ವಿಕಿ ಜುಲೈಯಲ್ಲಿ ನಮಗೆ ಉಪಯೋಗವಿಲ್ಲ. ಜನರೇಟರ್ ಸ್ಟಾರ್ಟ್ ಮಾಡುವ ಕ್ರಮ ಬೇಕಾಗುವುದೇ ಕರೆಂಟ್ ಹೋದಾಗ, ಅಲ್ವಾ?

ಮೊಬೈಲ್ ಮತ್ತು ಲ್ಯಾಪ್‌ಟಾಪ್ ನಡುವೆ ಹೊಂದಿಸಲು ಸಿಂಕ್‌ಥಿಂಗ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಎರಡೂ ಒಂದೇ ವೈಫೈಯಲ್ಲಿದ್ದರೆ ಸಾಕು, ಹೊರಗಿನ ಇಂಟರ್ನೆಟ್ ಬೇಡ. ಆಂಡ್ರಾಯ್ಡಿಗೆ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಳ್ಳಿ. ಒಂದೇ ಪುಟವನ್ನು ಎರಡೂ ಕಡೆ ತಿದ್ದಿದರೆ ಅದು ಎರಡು ಪ್ರತಿ ಮಾಡಿ ಇಡುತ್ತದೆ. ಯಾವುದು ಸರಿ ಅಂತ ನೀವೇ ನೋಡಬೇಕು.

ಮಳೆ ಲೆಕ್ಕ ವಿಕಿಯಲ್ಲಿ ಬರೆಯೋದಾ?

ಲೆಕ್ಕ ಬೇಡ. ದಿನದಿನದ ಅಂಕಿ ಎಕ್ಸೆಲ್ ಶೀಟಿನಲ್ಲಿರಲಿ. ಕೂಡಿಸಲು, ಹೋಲಿಸಲು ಅದೇ ಸರಿ. ವಿಕಿಯ [[ಮಳೆ]] ಪುಟದಲ್ಲಿ ಆ ಅಂಕಿಯ ಅರ್ಥ ಇರಲಿ.

ಉದಾಹರಣೆಗೆ: ಮಾಪಕ ಎಲ್ಲಿ ಇಟ್ಟಿದ್ದೀರಿ, ಮೇಲೆ ಮರ ಇದೆಯಾ, ಬೆಳಿಗ್ಗೆ ಎಷ್ಟು ಗಂಟೆಗೆ ನೋಡುವುದು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ರಿಂದ ಮರುದಿನ 8.30ರ ತನಕ ಒಂದು ದಿನ ಅಂತ ಹಿಡಿಯುತ್ತಾರೆ. ನೀವೂ ಹಾಗೇ ಮಾಡಿದರೆ ಹೋಲಿಕೆ ಸುಲಭ. ನಮ್ಮ ತೋಟಗಳಲ್ಲಿ ಈಗಲೂ ಇಂಚು-ಸೆಂಟಿನ ಲೆಕ್ಕವೇ. 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಇದನ್ನು ಬರೆದಿಡಿ. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಕ್ಕಳಿಗೆ ‘ನಿನ್ನೆ 80 ಸೆಂಟ್ ಆಯ್ತು’ ಅಂದರೆ ಜಾಗ ಮಾರಿದ್ದೀರಿ ಅಂದುಕೊಳ್ಳುತ್ತಾರೆ. ಜಾಗಕ್ಕೂ ಸೆಂಟೇ ಅಲ್ವಾ.

ಇದಕ್ಕಿಂತ ಮುಖ್ಯ ಹೂಮಳೆಯ ಟಿಪ್ಪಣಿ. ರೊಬಸ್ಟಾಗೆ ಫೆಬ್ರುವರಿ-ಮಾರ್ಚ್‌ನಲ್ಲಿ ಯಾವತ್ತು ಮಳೆ ಬಿತ್ತು ಅಥವಾ ಸ್ಪ್ರಿಂಕ್ಲರ್ ಹಾಕಿದೆವು, ಎಷ್ಟನೇ ದಿನಕ್ಕೆ ಹೂ ಬಿಟ್ಟಿತು, ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಬೇಕಾಗುವ ಎರಡನೇ ಮಳೆ) ಬಂತೋ ಇಲ್ಲವೋ, ಆ ವರ್ಷ ಕಾಯಿ ಹೇಗೆ ಕಟ್ಟಿತು. ವರ್ಷಕ್ಕೆ ನಾಲ್ಕು ಸಾಲು ಸಾಕು. ಶೀಟಿನ ಅಂಕಿ ಹೇಳದ್ದನ್ನು ಆ ಸಾಲುಗಳು ಹೇಳುತ್ತವೆ. ಮಳೆ ಒಂದೇ ಅಳತೆ ಬಿದ್ದ ಎರಡು ವರ್ಷಗಳಲ್ಲಿ ಬೆಳೆ ಯಾಕೆ ಬೇರೆ ಬೇರೆ ಬಂತು ಅಂತ ಕೂತು ನೋಡುವಾಗ ಬೇಕಾಗುವುದು ಇವೇ. ಮೇಲ್ತೋಟ, ಕೆಳತೋಟ ಅಂತ ಬ್ಲಾಕಿಗೊಂದು ಪುಟ ಮಾಡಿ ಅಲ್ಲಿಗೆ ಲಿಂಕ್ ಕೊಡಿ. ಕಪಾತು (ಗಿಡ ಸವರುವುದು), ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಗೊಬ್ಬರ, ಹೋದ ವರ್ಷ ಎಷ್ಟು ಚೀಲ ಚೆರಿ ಬಂತು, ಔಟ್‌ಟರ್ನ್ ಎಷ್ಟು, ಎಲ್ಲವೂ ಆ ಬ್ಲಾಕಿನ ಪುಟದಲ್ಲಿ.

ಅಜ್ಜಿಯ ಅಡುಗೆ ಹೇಗೆ ಬರೆಯೋದು? ‘ಕೈ ಅಂದಾಜು’ ಅಂತಾರೆ.

ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕೂರಿ. ಅವರು ಹಿಡಿಯಲ್ಲಿ ತೆಗೆದದ್ದನ್ನು ಪಾತ್ರೆಗೆ ಹಾಕುವ ಮುಂಚೆ ತೂಗಿ. ಸ್ವಲ್ಪ ಬೈಸಿಕೊಳ್ಳಬೇಕಾಗುತ್ತದೆ. ‘ಅಜ್ಜಿಯ ಒಂದು ಹಿಡಿ ಅಕ್ಕಿ ಇಷ್ಟು ಗ್ರಾಂ’ ಅಂತ ಒಂದು ಪುಟ ಮಾಡಿದರೆ ಉಳಿದ ಅಡುಗೆಗಳಿಗೆಲ್ಲ ಅದೇ ಅಳತೆ.

ಅಳತೆಗಿಂತ ‘ಯಾವಾಗ’, ‘ಯಾಕೆ’ ಅನ್ನೋದು ಬೇಗ ಮರೆತುಹೋಗುತ್ತದೆ. ಕಣಿಲೆಯನ್ನು (ಎಳೆ ಬಿದಿರು) ಹೆಚ್ಚಿ ನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸಿ, ಚೆನ್ನಾಗಿ ಬೇಯಿಸುವುದು ರುಚಿಗೆ ಮಾತ್ರ ಅಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಇದನ್ನು ಬರೆಯದಿದ್ದರೆ ಮುಂದೆ ಯಾರೋ ಅವಸರಕ್ಕೆ ಆ ಹಂತ ಬಿಟ್ಟುಬಿಡುತ್ತಾರೆ. ಪಂದಿಕರಿಗೆ (ಹಂದಿ ಸಾರು) ಕಾಚಂಪುಳಿ (ಹುಳಿ ಹಣ್ಣಿನ ಗಟ್ಟಿ ರಸ) ಕೊನೆಯಲ್ಲಿ ಹಾಕುತ್ತೀರೋ ನಡುವೆಯೋ, ಮದ್ದುಸೊಪ್ಪನ್ನು ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಎಲ್ಲಿಂದ ತರುತ್ತೀರಿ, ಇಂಥವೂ ಬೇಕು.

ಅಣಬೆ ವಿಷಯದಲ್ಲಿ ನಾನು ಬಿಗಿ. ಯಾವುದು ತಿನ್ನಬಹುದು ಅಂತ ಗುರುತು ಹೇಳುವ ಪುಟ ಬರೆಯುವುದಿಲ್ಲ, ಫೋಟೋ ಇದ್ದರೂ. ‘ಗೊತ್ತಿರುವವರ ಜೊತೆ ಹೋಗಿ ಕಲಿಯಬೇಕು’ ಅಂತ ಒಂದೇ ಸಾಲು ಇದೆ.

ಇಬ್ಬರು ಹಿರಿಯರು ಎರಡು ಥರ ಹೇಳಿದರೆ?

ಎರಡನ್ನೂ ಬರೆಯಿರಿ. ‘ದೊಡ್ಡಪ್ಪ ಹೀಗೆ ಹೇಳಿದರು, ಸೋದರತ್ತೆ ಹಾಗೆ ಹೇಳಿದರು’ ಅಂತ, ತಿಂಗಳು-ವರ್ಷ ಹಾಕಿ. ಯಾವುದು ನಿಜ ಅಂತ ತೀರ್ಪು ಕೊಡಲು ಹೋಗಬೇಡಿ. ಮನೆ ಕಟ್ಟಿದ ವರ್ಷದ ಬಗ್ಗೆ ಜಗಳ ಇದ್ದರೆ, ಜಗಳ ಇದೆ ಅನ್ನುವುದೂ ಒಂದು ಮಾಹಿತಿಯೇ. ಒಂದು ದಿನ ಯಾವುದೋ ಹಳೆಯ ಪತ್ರ ಸಿಕ್ಕಿದರೆ ಪುಟ ತಿದ್ದಿದರಾಯಿತು.

ಪುಟ ಚೆಂದ ಇರದಿದ್ದರೂ ನಡೆಯುತ್ತದೆ. ಹೇಳಿದವರ ಹೆಸರು, ಕಾಲ ಇಲ್ಲದಿದ್ದರೆ ಕೆಲವು ವರ್ಷದ ನಂತರ ಅದನ್ನು ನಂಬುವುದೋ ಬಿಡುವುದೋ ನಿಮಗೇ ಗೊತ್ತಾಗುವುದಿಲ್ಲ.

ನಮ್ಮ ಮನೆಮಾತು ಕೊಡವ ತಕ್ಕ್. ಕನ್ನಡದಲ್ಲೇ ಬರೆಯಬೇಕಾ?

ಯಾಕೆ? ಕನ್ನಡ ಲಿಪಿಯಲ್ಲಿ ಕೊಡವ ತಕ್ಕ್ ಬರೆದ ದಾರಿ ಹಳೆಯದೇ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಳನ್ನು, ಗಾದೆಗಳನ್ನು, ಪದ್ಧತಿಗಳನ್ನು ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ್ದು 1924ರಲ್ಲಿ. ಅರೆಭಾಷೆಯವರೂ ಅಷ್ಟೇ, ಹೇಳಿದ ಹಾಗೇ ಬರೆಯಲಿ. ಕೊಡವ ತಕ್ಕಿನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರ ಇಲ್ಲ. ಅದಕ್ಕೆ ಚಿಕ್ಕದೊಂದು ಆಡಿಯೋ ಪುಟದಲ್ಲೇ ಸೇರಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ಸಾಕು. ಆಡಿಯೋ ಇದ್ದರೂ ಒಂದೆರಡು ಸಾಲಿನ ಸಾರಾಂಶ ಬರೆಯಿರಿ. ಇಲ್ಲದಿದ್ದರೆ ಅದು ಹುಡುಕಾಟಕ್ಕೆ ಸಿಗುವುದಿಲ್ಲ.

ಪುಟಗಳನ್ನು ಹೇಗೆ ಜೋಡಿಸಲಿ? ಫೋಲ್ಡರ್ ಮಾಡಲಾ?

ಕಡಿಮೆ ಮಾಡಿ. ಕಾಚಂಪುಳಿ ತೋಟದ ಫೋಲ್ಡರಿಗೋ ಅಡುಗೆಯ ಫೋಲ್ಡರಿಗೋ ಅಂತ ಯೋಚಿಸುವ ಹೊತ್ತಿಗೆ ಬರೆಯುವ ಮನಸ್ಸೇ ಹೋಗುತ್ತದೆ. ಎಲ್ಲ ಒಂದೇ ಕಡೆ ಇರಲಿ, ಲಿಂಕ್ ಜಾಸ್ತಿ ಇರಲಿ. ‘ಬಾಗಿಲು’ ಅಂತ ಒಂದು ಪುಟ ಮಾಡಿ ಅಲ್ಲಿ ಮುಖ್ಯ ಪುಟಗಳ ಪಟ್ಟಿ ಇಡಿ. ಯಾವ ಪುಟದಿಂದಲೂ ಲಿಂಕ್ ಇಲ್ಲದ ಅನಾಥ ಪುಟಗಳನ್ನು ಆಗಾಗ ಹುಡುಕಿ ಎಲ್ಲಿಗಾದರೂ ಸೇರಿಸಿ.

ಖಾಸಗಿ ಪುಟಗಳಿಗೆ ಮಾತ್ರ ಬೇರೆ ಫೋಲ್ಡರ್ ಬೇಕೇ ಬೇಕು. ಕಾರಣ ಕೆಳಗಿದೆ.

ಹಂಚಿಕೊಳ್ಳುವಾಗ ಏನು ಹೊರಗೆ ಹಾಕಬಾರದು?

ಕಾರ್ಮಿಕರ ಆಧಾರ್, ಮುಂಗಡ, ಕೂಲಿ ಲೆಕ್ಕ. ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ) ಜಾಗದ ದಾಖಲೆ, ಸರ್ವೆ ನಂಬರ್, ಪಾಲಿನ ಮಾತುಕತೆ. ಕುಟುಂಬದವರ ಕಾಯಿಲೆ. ಇವು ಎಲ್ಲರಿಗೂ ಹೊಳೆಯುತ್ತವೆ.

ಹೊಳೆಯದೇ ಇರುವುದು ಮರಗಳು. ತೋಟದಲ್ಲಿ ಗಂಧದ ಮರ ಎಲ್ಲಿದೆ, ದೊಡ್ಡ ಬೀಟೆ ಎಲ್ಲಿದೆ ಅಂತ ಹೆಮ್ಮೆಯಿಂದ ಫೋಟೋ ಹಾಕುತ್ತಾರೆ. ಮೊಬೈಲ್ ಫೋಟೋದ ಒಳಗೆ ಜಾಗದ ಗುರುತು ಸೇರಿರುತ್ತದೆ. ಹೊರಗೆ ಹಾಕುವ ಮುಂಚೆ ಅದನ್ನು ತೆಗೆಯಿರಿ, ಅಥವಾ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಡಿ. ಅಪರೂಪದ ಸೀತಾಳೆ (ಆರ್ಕಿಡ್) ಹೂವಿಗೂ ಇದೇ ಮಾತು. ಮನೆಗೆ ಬೀಗ ಹಾಕಿ ಊರಿಗೆ ಹೋಗುವ ತಾರೀಕು, ಕಾಫಿ ಚೀಲ ಇಡುವ ಗೋಡೌನಿನ ವಿವರವೂ ಒಳಗೇ ಇರಲಿ.

ಇನ್ನೊಂದು ಮಾತು. ಜೇನು ಕುರುಬರು, ಯರವರು ಹೇಳಿಕೊಟ್ಟ ಮದ್ದಿನ ವಿಷಯ ನಿಮ್ಮ ವಿಕಿಯಲ್ಲಿ ಇದ್ದರೆ, ಅದು ನಿಮ್ಮದಲ್ಲ. ಹೊರಗೆ ಹಾಕಬಹುದಾ ಅಂತ ಹೇಳಿದವರನ್ನೇ ಕೇಳಿ. ಬೇಡ ಅಂದರೆ ಬೇಡ. ಇಂಥ ತಿಳಿವಳಿಕೆಯನ್ನು ಊರವರ ಜೊತೆ ಸೇರಿ ದಾಖಲಿಸಲು 2002ರ ಜೀವವೈವಿಧ್ಯ ಕಾಯ್ದೆಯ ಕೆಳಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಮಿತಿ ಇರುತ್ತದೆ, ಅದರ ಜನತಾ ಜೀವವೈವಿಧ್ಯ ದಾಖಲಾತಿ ಇರುತ್ತದೆ. ಆಸಕ್ತಿ ಇದ್ದರೆ ಅಲ್ಲಿ ವಿಚಾರಿಸಿ.

ಹಾಗಾದರೆ ಹೇಗೆ ಹಂಚೋದು?

ಮೂರು ಸುತ್ತು ಅಂತ ಇಟ್ಟುಕೊಳ್ಳಿ. ನಾನು ಮಾತ್ರ, ಮನೆಯವರು, ಎಲ್ಲರೂ. ಹೊಸ ಪುಟ ಯಾವಾಗಲೂ ಮೊದಲ ಸುತ್ತಿನಲ್ಲೇ ಹುಟ್ಟಲಿ. ಹೊರಗೆ ಹೋಗುವಾಗ ಒಮ್ಮೆ ಓದಿ ಕಳಿಸಿ.

ಎಲ್ಲರಿಗೂ ತೆರೆದರೆ, ಓದಲು ಮಾತ್ರ ತೆರೆಯಿರಿ. ಯಾರು ಬೇಕಾದರೂ ತಿದ್ದಬಹುದು ಅಂತ ಬಿಟ್ಟರೆ ಸ್ವಲ್ಪ ದಿನದಲ್ಲೇ ಜಾಹೀರಾತು ಕಸ ತುಂಬುತ್ತದೆ. ಹೊಸ ಸದಸ್ಯರ ನೋಂದಣಿ ಬಂದ್ ಮಾಡಿ, ಬೇಕಾದವರಿಗೆ ನೀವೇ ಖಾತೆ ಮಾಡಿಕೊಡಿ.

ಬೇರೆಯವರು ನಿಮ್ಮ ಬರಹ ಉಪಯೋಗಿಸಬಹುದಾ ಅನ್ನೋದನ್ನು ಕೆಳಗೆ ಒಂದು ಸಾಲಿನಲ್ಲಿ ಹೇಳಿ. ನಾನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಹಾಕಿದ್ದೇನೆ. ಹೆಸರು ಹೇಳಿ ಉಪಯೋಗಿಸಬಹುದು, ತಿದ್ದಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ವಿಕಿಪೀಡಿಯಾದ್ದೂ ಇದೇ. ಪೇಪರಿನಲ್ಲಿ ಬಂದ ಲೇಖನದ ಕಟಿಂಗ್ ಮಾತ್ರ ಹಾಗೇ ಹೊರಗೆ ಹಾಕಬೇಡಿ. ಬರೆದವರು ತೀರಿಹೋಗಿ 60 ವರ್ಷ ಆಗುವ ತನಕ ಹಕ್ಕು ಇರುತ್ತದೆ. ಸಾರಾಂಶ ಬರೆದು, ಯಾವ ಪೇಪರ್, ಯಾವ ತಾರೀಕು ಅಂತ ಹಾಕಿದರೆ ಸಾಕು.

ಇದನ್ನೇ ಕನ್ನಡ ವಿಕಿಪೀಡಿಯಾಕ್ಕೂ ಹಾಕಬಹುದಾ?

ಫೋಟೋ ಹಾಕಬಹುದು. ನೀವೇ ತೆಗೆದ ಕಾಫಿ ಹೂವು, ಕಣ, ಊರಿನ ಹಬ್ಬದ ಚಿತ್ರಗಳನ್ನು ವಿಕಿಮೀಡಿಯಾ ಕಾಮನ್ಸಿಗೆ ಕೊಡಿ, ತುಂಬಾ ಬೇಕಾಗಿವೆ. ಬರಹ ಕಷ್ಟ. ಅಲ್ಲಿ ಪ್ರಕಟವಾದ ಆಧಾರ ಕೇಳುತ್ತಾರೆ. ಅಜ್ಜಿ ಹೇಳಿದರು ಅಂದರೆ ಒಪ್ಪುವುದಿಲ್ಲ. ಅದು ಅವರ ಕ್ರಮ, ಸರಿಯಾಗಿಯೇ ಇದೆ.

ಹಳೆಯ ಡೈರಿ, ಪತ್ರಗಳನ್ನೆಲ್ಲ ಟೈಪ್ ಮಾಡಬೇಕಾ?

ಬೇಡಪ್ಪಾ. ಫೋಟೋ ತೆಗೆದಿಡಿ. ಅಚ್ಚಾದ ಕನ್ನಡವನ್ನು ಗೂಗಲ್ ಲೆನ್ಸ್ ಚೆನ್ನಾಗಿಯೇ ಓದುತ್ತದೆ, ಕೈಬರಹದಲ್ಲಿ ಎಡವುತ್ತದೆ. ಯಾವುದೋ ಪುಟ ಬರೆಯುವಾಗ ಡೈರಿಯ ಒಂದು ಸಾಲು ಬೇಕಾದರೆ ಅಷ್ಟನ್ನೇ ಟೈಪ್ ಮಾಡಿ, ಫೋಟೋಗೆ ಲಿಂಕ್ ಕೊಡಿ.

ಬ್ಯಾಕಪ್?

ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಮೂರನೆಯದನ್ನು ಯಾರೂ ಮಾಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಬೀರುವಿನಲ್ಲಿದ್ದ ಪತ್ರವೂ ಹೋಯಿತು, ಮೇಜಿನ ಮೇಲಿದ್ದ ಕಂಪ್ಯೂಟರೂ ಹೋಯಿತು. ಒಂದೇ ಮನೆಯಲ್ಲಿ ಹತ್ತು ಪ್ರತಿ ಇದ್ದರೂ ಅದು ಒಂದೇ ಪ್ರತಿ.

ಟೆಕ್ಸ್ಟ್ ಪುಟಗಳು ತೂಕವಿಲ್ಲದವು. ಸಾವಿರ ಪುಟ ಇದ್ದರೂ ಒಂದು ವಿಡಿಯೋದಷ್ಟು ಜಾಗ ಹಿಡಿಯುವುದಿಲ್ಲ. ಜಿಪ್ ಮಾಡಿ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುವವರಿಗೆ ಕಳಿಸಿ. ವರ್ಷಕ್ಕೆ ಎರಡು ಸಲ ಅಂತ ಇಟ್ಟುಕೊಳ್ಳಿ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ ಒಮ್ಮೆ. ಹುತ್ತರಿ ಹಬ್ಬದ ಹೊತ್ತಿಗೆ ಇನ್ನೊಮ್ಮೆ. ಕಳಿಸಿದ್ದನ್ನು ಅವರ ಕಂಪ್ಯೂಟರಿನಲ್ಲಿ ತೆರೆಸಿ ನೋಡಿ. ತೆರೆಯದ ಬ್ಯಾಕಪ್ಪನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಹಾರ್ಡ್‌ಡಿಸ್ಕನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಮನೆಯಲ್ಲಿ ನಾನೊಬ್ಬನೇ ಬರೆಯುವುದು. ಬೇರೆ ಯಾರೂ ಮುಟ್ಟುವುದಿಲ್ಲ.

ಎಲ್ಲ ಮನೆಯಲ್ಲೂ ಹಾಗೇ. ಬರೆಯಿರಿ ಅಂತ ಹಿಂಸೆ ಮಾಡಬೇಡಿ. ಅವರು ನಿಮ್ಮನ್ನು ಏನಾದರೂ ಕೇಳಿದಾಗ ಬಾಯಲ್ಲಿ ಹೇಳುವ ಬದಲು ಪುಟದ ಲಿಂಕ್ ಕಳಿಸಿ. ಅದರಲ್ಲಿ ತಪ್ಪು ಕಂಡರೆ ಸುಮ್ಮನಿರುವುದಿಲ್ಲ, ತಕ್ಷಣ ಹೇಳುತ್ತಾರೆ. ಆಗ ‘ನೀವೇ ತಿದ್ದಿ’ ಅನ್ನಿ. ಹೊಸದಾಗಿ ಬರೆಯಲು ಹಿಂಜರಿಯುವವರು ಬೇರೆಯವರ ತಪ್ಪು ತಿದ್ದಲು ಹಿಂಜರಿಯುವುದಿಲ್ಲ.

ಇದಕ್ಕೆಲ್ಲ ಟೈಮ್ ಎಲ್ಲಿದೆ?

ಕೊಯ್ಲಿನ ಕಾಲದಲ್ಲಿ ಇಲ್ಲ. ಡಿಸೆಂಬರಿನಿಂದ ಮಾರ್ಚ್ ತನಕ ಮೊಬೈಲಿನಲ್ಲಿ ಒಂದೊಂದು ಸಾಲು ಗೀಚಿಡಿ. ಜುಲೈಯಲ್ಲಿ ಹೊರಗೆ ಕಾಲಿಡಲು ಆಗದಾಗ ಕೂತು ಸರಿ ಮಾಡಿ.

ಮೊಬೈಲ್ ಬಳಸದ ರೈಟರಿಗೆ (ತೋಟದ ಲೆಕ್ಕ ಬರೆಯುವವರು), ಮೇಸ್ತ್ರಿಗೆ ಇದು ಹೇಗೆ ತಲುಪೋದು?

ಪ್ರಿಂಟ್ ಹಾಕಿ. ಬೋರ್ಡೋ ಪುಟ, ಮೋಟರ್ ಪುಟ, ಜನರೇಟರ್ ಪುಟ, ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ ಓಡಬೇಕು ಅನ್ನುವ ಪುಟ, ಇವು ನಾಲ್ಕನ್ನು ಲ್ಯಾಮಿನೇಟ್ ಮಾಡಿಸಿ ಪಂಪ್‌ಶೆಡ್ಡಿನಲ್ಲಿ ಮತ್ತು ಸ್ಟೋರಿನಲ್ಲಿ ನೇತುಹಾಕಿ. ಅಕ್ಷರ ದೊಡ್ಡದಿರಲಿ. ಕೆಳಗಡೆ ಪ್ರಿಂಟ್ ತೆಗೆದ ತಾರೀಕು ಇರಲಿ. ಅದರ ಮೇಲೆ ಅವರು ಪೆನ್ನಿನಲ್ಲಿ ಏನಾದರೂ ಗೀಚಿದ್ದರೆ, ಹೊಸ ಪ್ರಿಂಟ್ ಹಾಕುವ ಮುಂಚೆ ಆ ಸಾಲನ್ನು ಪುಟಕ್ಕೆ ಸೇರಿಸಿ, ಹೇಳಿದವರು ಅನ್ನುವ ಜಾಗದಲ್ಲಿ ಅವರ ಹೆಸರು ಹಾಕಿ.